ನಾಲ್ಕು ನಿಮಿಷ ತಡವಾದ ಸ್ಯಾಂಪಲ್

ಕಲಬುರಗಿಯ ಮೇ ಬಿಸಿಲಲ್ಲಿ ನಮ್ಮ ಔಷಧ ಪರೀಕ್ಷೆಗೆ ಬಂದವರ ಕೈಯಲ್ಲಿ ನರ ಬೇಗ ಸಿಗುವುದಿಲ್ಲ. ಮಾತ್ರೆ ನುಂಗಿದ 30ನೇ ನಿಮಿಷಕ್ಕೆ ತೆಗೆಯಬೇಕಿದ್ದ ರಕ್ತ 34ಕ್ಕೆ ಸಿಕ್ಕಿತು. ಹೊಸದಾಗಿ ಸೇರಿದ ಹುಡುಗ ಕೇಳಿದ, "ಮೇಡಂ, 30 ಅಂತಲೇ ಬರೆಯಲಾ?"

ಬೇಡಪ್ಪಾ. ಗಡಿಯಾರ ತೋರಿಸಿದ್ದನ್ನೇ ಬರಿ, ಪಕ್ಕದಲ್ಲಿ ಕಾರಣ ಬರಿ.

ಶುರುವಿನಲ್ಲಿ ರಕ್ತದಲ್ಲಿ ಔಷಧದ ಮಟ್ಟ ಸರಸರ ಏರುತ್ತದೆ. ಅಲ್ಲಿ ನಾಲ್ಕು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನಿಜವಾದ ಸಮಯ ಗೊತ್ತಿದ್ದರೆ ಎಯುಸಿಯನ್ನು (ಅಷ್ಟು ಹೊತ್ತಿನಲ್ಲಿ ರಕ್ತಕ್ಕೆ ಒಟ್ಟು ಎಷ್ಟು ಔಷಧ ಸಿಕ್ಕಿತು ಎಂಬ ಅಳತೆ) ಅದರ ಮೇಲೆಯೇ ಲೆಕ್ಕ ಹಾಕಬಹುದು. ಸುಳ್ಳು ಸಮಯವನ್ನು ಯಾವ ಸಾಫ್ಟ್‌ವೇರ್ ಸರಿಮಾಡುತ್ತದೆ, ಹೇಳಿ?

ನಿಧಾನಕ್ಕೆ ಇಳಿಯುವ ಔಷಧವಾದರೆ, 24ನೇ ಗಂಟೆಯ ಸ್ಯಾಂಪಲ್ ಐದು ನಿಮಿಷ ತಡವಾದರೂ ಅಂಥ ವ್ಯತ್ಯಾಸವಿಲ್ಲ. ಆದರೂ ಬರೆದಿಡುತ್ತೇವೆ. ಪ್ರೋಟೋಕಾಲ್, ಅಂದರೆ ಪರೀಕ್ಷೆಯ ಲಿಖಿತ ಯೋಜನೆ, ಕೊಟ್ಟ ಸಮಯದ ಗಡಿ ದಾಟಿದ್ದರೆ ಡೀವಿಯೇಷನ್ ಫಾರಂ (ಯೋಜನೆ ತಪ್ಪಿದ್ದರ ದಾಖಲೆ) ತುಂಬಲೇಬೇಕು. ರಕ್ತ ತೆಗೆಯುವುದಕ್ಕಿಂತ ಅದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಆ ಮಾತು ಬೇರೆ.