ಲಕ್ಕುಂಡಿಯ ಓಣಿಗಳಲ್ಲಿ ಒಂದು ದಿನ

ಹಂಪಿಗೆ ಹೋಗುವ ಎಷ್ಟೋ ಕಾರುಗಳು ಲಕ್ಕುಂಡಿ ದಾಟಿಯೇ ಹೋಗುತ್ತವೆ. ಇಳಿಯುವವರು ಮಾತ್ರ ಕಡಿಮೆ. ನಾನೂ ಗೆಳೆಯನೂ ಗದಗದಲ್ಲಿ ಬಸ್ಸು ಹತ್ತಿ, ಬೆಳಿಗ್ಗೆಯೇ ಅಲ್ಲಿ ಇಳಿದೆವು.

"ನಮ್ಮೂರಾಗ 101 ಗುಡಿ, 101 ಬಾವಿ ಅದಾವ್ರೀ" ಅಂದರು ಚಹಾದಂಗಡಿಯವರು. ಊರಿನವರೆಲ್ಲ ಹೇಳುವ ಲೆಕ್ಕ ಅದು, ಎಣಿಸಲು ಹೋಗಬೇಡಿ. ಇಲ್ಲಿನ ಮಜಾನೇ ಬೇರೆ. ಗುಡಿಗಳೆಲ್ಲ ಒಂದೇ ಬೇಲಿಯೊಳಗಿಲ್ಲ. ಮನೆಗಳ ನಡುವೆ, ಓಣಿಯ ತಿರುವಿನಲ್ಲಿ ಸಿಗುತ್ತವೆ. ಮೊಬೈಲ್ ಮ್ಯಾಪಿಗಿಂತ ಕಟ್ಟೆ ಮೇಲೆ ಕೂತ ಹಿರಿಯರನ್ನು ಕೇಳುವುದೇ ವಾಸಿ.

ಕಾಶಿವಿಶ್ವೇಶ್ವರ ಗುಡಿಯಲ್ಲೇ ನಮ್ಮ ಅರ್ಧ ದಿನ ಹೋಯಿತು. ಶಿವನ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಅದರ ಎದುರಿಗೇ ಸೂರ್ಯನ ಪುಟ್ಟ ಗುಡಿ. ಬಾಗಿಲುವಾಡದ ಮೇಲೆ ಪಟ್ಟಿ ಪಟ್ಟಿಯಾಗಿ ಬಳ್ಳಿ, ಬೊಂಬೆ, ಹೂವು. ಬೆರಳು ತೂರದಷ್ಟು ಸಣ್ಣ ಸಂದಿನಲ್ಲೂ ಉಳಿ ಆಡಿದೆ. ಒಳಗಿನ ಕಂಬಗಳನ್ನು ಬಗ್ಗಿ ನೋಡಿ. ತಿರುಗಣೆಗೆ ಹಾಕಿ ಕಡೆದ ಕಂಬಗಳವು, ಸುತ್ತಲೂ ಬಳೆ ತೊಡಿಸಿದ ಹಾಗೆ ಗೆರೆಗಳು. ಬಾದಾಮಿ ಚಾಲುಕ್ಯರು ಬಳಸಿದ್ದು ಮರಳುಗಲ್ಲು. ಈ ಗುಡಿಗಳನ್ನು ಕಟ್ಟಿದ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಳಪದ ಕಲ್ಲು ಬಂತು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬರಬರುತ್ತಾ ಗಟ್ಟಿಯಾಗುವ ಕಲ್ಲು. ಇಷ್ಟು ನಾಜೂಕು ಕೆಲಸ ಸಾಧ್ಯವಾಗಿದ್ದು ಅದರಿಂದಲೇ.

ಬ್ರಹ್ಮ ಜಿನಾಲಯ ಇದಕ್ಕಿಂತ ಹಳೆಯದು. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಅವಳು. ಅದೂ ಓಲೆಗರಿಯ ಮೇಲೆ! ಒಳಗೆ ನಾಲ್ಕು ಮುಖದ ಬ್ರಹ್ಮನ ವಿಗ್ರಹ ಇದೆ. ಜಿನಾಲಯದಲ್ಲಿ ಬ್ರಹ್ಮನಾ ಅಂತ ಗೆಳೆಯ ಹುಬ್ಬೇರಿಸಿದ. ಜೈನರ ಯಕ್ಷಿ ಪದ್ಮಾವತಿಯೂ ಅಲ್ಲೇ ಇದ್ದಾಳೆ. ನನಗೆ ಅಲಂಕಾರದ ಗುಡಿಗಿಂತ ಈ ಸಾದಾ ಗೋಡೆಗಳ ಬಸದಿಯೇ ಜಾಸ್ತಿ ಹಿಡಿಸಿತು.

ಮುಸುಕಿನ ಬಾವಿಗೆ ದಾರಿ ಕೇಳಿದರೆ ಒಬ್ಬ ಅಜ್ಜ ತಾವೇ ಎದ್ದು ಬಂದರು. ಮಾಣಿಕೇಶ್ವರ ಗುಡಿಯ ಪಕ್ಕದಲ್ಲೇ ಇದೆ. ಇಳಿಯುವ ಮೆಟ್ಟಿಲುಗಳ ನಡುವೆ ಚಿಕ್ಕ ಚಿಕ್ಕ ಗುಡಿಯಂಥ ಗೂಡುಗಳು. ಗೆಳೆಯ ಫೋಟೋ ತೆಗೆಯುತ್ತಲೇ ಕೆಳಗಿಳಿಯತೊಡಗಿದ.

"ಮೊದಲ ಕಾಲು ನೋಡ್ಕೊಂಡ್ ಇಳೀರಿ ತಮ್ಮಾ, ಫೋಟೋ ಆಮ್ಯಾಲ ತಗೀರಂತ" ಅಂದರು ಅಜ್ಜ. ಆಮೇಲೆ ಸಲೀಸಾಗಿ ನಮಗಿಂತ ಮುಂದೆ ಇಳಿದುಬಿಟ್ಟರು.

ಸಂಜೆಗೆ ಡಂಬಳದ ದೊಡ್ಡಬಸಪ್ಪ ಗುಡಿಯನ್ನೂ ಮುಗಿಸೋಣ ಅಂತ ಗೆಳೆಯನ ಹಟ. ನಕ್ಷತ್ರದ ಹಾಗೆ 24 ಮೂಲೆಗಳಿರುವ ಗುಡಿ ಅದು, ನೋಡಲೇಬೇಕಾದದ್ದೇ. ಆದರೆ ಒಂದೇ ದಿನ ಮೂರು ನಾಲ್ಕು ಊರು ಸುತ್ತಿದರೆ ಕೊನೆಗೆ ಎಲ್ಲ ಕಂಬವೂ ಒಂದೇ ಥರ ಕಾಣುತ್ತವೆ, ಅಲ್ವಾ? ನನ್ನೇಶ್ವರ ಗುಡಿಯನ್ನೇ ಇನ್ನೂ ಸರಿಯಾಗಿ ನೋಡಿರಲಿಲ್ಲ. ಅದೂ ಕಾಶಿವಿಶ್ವೇಶ್ವರದ ಹತ್ತಿರವೇ. ಡಂಬಳ ಇನ್ನೊಂದು ಸಲಕ್ಕಿರಲಿ ಅಂತ ಅವನನ್ನು ಒಪ್ಪಿಸಿ ಆ ಕಡೆಗೇ ತಿರುಗಿದೆವು.