ಮೂರು ಪ್ರಶ್ನೆ, ಆಮೇಲೆ ಕಾಮೆಂಟು

ನಿನ್ನೆ ರಾತ್ರಿ ಮಳೆ ಸುದ್ದಿಯೊಂದನ್ನು ಓದಿ, ಸುಮ್ನೆ ಮಲಗೋದು ಬಿಟ್ಟು ಕೆಳಗಿನ ಕಾಮೆಂಟುಗಳಿಗೂ ಇಳಿದೆ. ಐದನೇ ಕಾಮೆಂಟಿಗೇ ಜಾತಿ, ಪಕ್ಷ, ಯಾರದೋ ಅಪ್ಪ-ಅಮ್ಮ ಎಲ್ಲ ಬಂದಾಗಿತ್ತು. ಸುದ್ದಿಯನ್ನು ಒಬ್ಬರೂ ಓದಿದ ಹಾಗಿರಲಿಲ್ಲ.

ಆಗ ನಾರ್ವೆ ನೆನಪಾಯಿತು. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2017ರಲ್ಲಿ ತನ್ನ ಟೆಕ್ ವಿಭಾಗದ ಕೆಲವು ಬರಹಗಳಿಗೆ ಪುಟ್ಟ ಕ್ವಿಜ್ ಅಂಟಿಸಿತ್ತು. ಬರಹದ ಬಗ್ಗೆಯೇ ಮೂರು ಪ್ರಶ್ನೆ. ಸರಿ ಉತ್ತರ ಕೊಟ್ಟರೆ ಮಾತ್ರ ಕಾಮೆಂಟ್ ಹಾಕಬಹುದು. ಉತ್ತರ ಹುಡುಕುವಷ್ಟರಲ್ಲಿ ಸಿಟ್ಟೂ ಸ್ವಲ್ಪ ಇಳಿದಿರುತ್ತದೆ ಅನ್ನೋದು ಅವರ ಲೆಕ್ಕ. ಪರೀಕ್ಷೆ ಅಂದರೆ ಯಾರಿಗೆ ತಾನೇ ಭಯ ಇಲ್ಲ!

ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಬೇರೆ ದಾರಿ ಹಿಡಿಯಿತು. ದಿನಕ್ಕೆ ಸುಮಾರು 11,000 ಕಾಮೆಂಟು, ಓದಲು 14 ಜನ. ಗೂಗಲ್ ಬಳಗದ ಜಿಗ್‌ಸಾ ಜೊತೆ ಸೇರಿ ತಂದ ಸಾಫ್ಟ್‌ವೇರ್ ಪ್ರತಿ ಕಾಮೆಂಟಿಗೂ ಅಂಕ ಹಾಕುತ್ತಿತ್ತು. ಕೊಳಕಿಲ್ಲ ಅನ್ನಿಸಿದವನ್ನು ಒಟ್ಟಿಗೆ ಪಾಸ್ ಮಾಡಬಹುದಿತ್ತು.

ಆದರೆ ನಮ್ಮವರಿಗೆ ಅಂಕ ಹಾಕೋದು ಕಷ್ಟ ಅಲ್ವಾ? ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಎರಡು ಚುಕ್ಕಿ ಇಟ್ಟು ಬರೆಯುತ್ತಾರೆ. ಅದೂ ಇರಲಿ, "ತಾವು ಮಹಾ ಬುದ್ಧಿವಂತರು ಸ್ವಾಮಿ" ಅನ್ನೋದು ಬೈಗುಳ ಅಂತ ಯಾವ ಮಷೀನಿಗೆ ಗೊತ್ತಾಗಬೇಕು? ಸಾಧನ ಒಳ್ಳೆಯದೇ. ಪಕ್ಕದಲ್ಲಿ ಊರಿನ ಮಾತು ಬಲ್ಲ ಒಬ್ಬ ಮನುಷ್ಯ ಕೂತಿರಬೇಕು ಅಷ್ಟೇ.

ಅಂದಹಾಗೆ, ಆ ಸುದ್ದಿಯಲ್ಲಿ ಎಷ್ಟು ಮಿಲಿಮೀಟರ್ ಮಳೆ ಅಂತಿತ್ತು ಎಂದು ನನ್ನನ್ನು ಕೇಳಬೇಡಿ. ಕ್ವಿಜ್ ಇದ್ದಿದ್ದರೆ ನಾನೂ ಫೇಲ್.