ಆರು ಕೊಟ್ಟು ಆರು

11 ಆಗಸ್ಟ್ 2025, ಸೋಮವಾರ
ಧಾರವಾಡ

ಮೂರು ದಿನ ಆಯ್ತು, ಅದಲು-ಬದಲಿಗೆ ಮಾಡಿದ ಕಾಗದದ ಟ್ಯಾಗುಗಳು ಒಣಗುತ್ತಲೇ ಇಲ್ಲ. ಜಿಟಿಜಿಟಿ ಮಳೆ. ಜೆಸ್ಸೊ ಅನ್ನುವ ಬಿಳಿ ಲೇಪ ಇನ್ನೂ ಬೆರಳಿಗೆ ಅಂಟುತ್ತದೆ, ಫೆವಿಕಾಲ್ ಹಚ್ಚಿದ ಕಡೆ ಕಾಗದ ಹಪ್ಪಳದ ಹಾಗೆ ಡೊಂಕಾಗಿದೆ. ಐದನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಆರನೆಯದು ಕೈಯಲ್ಲೇ ಇದೆ. ಬುಧವಾರ ಪೋಸ್ಟಿಗೆ ಹಾಕಲೇಬೇಕು.

ಸಿಟ್ಟು ಮಳೆಯ ಮೇಲಲ್ಲ. ನಾನು ಆರು ಕಳಿಸಿದರೆ ಬೇರೆಯವರು ಮಾಡಿದ ಆರು ಬರುತ್ತವೆ, ಲೆಕ್ಕ ಇಷ್ಟೇ. ಹೋದ ಸಲ ಬಂದದ್ದರಲ್ಲಿ ನಾಲ್ಕು ಚಂದ ಇದ್ದವು. ಇನ್ನೆರಡು ಅಂಗಡಿಯ ಸ್ಟಿಕರ್ ಹಚ್ಚಿ, ರಿಬ್ಬನ್ ಕಟ್ಟಿ ಕಳಿಸಿದ್ದು. ಐದು ನಿಮಿಷದ ಕೆಲಸ. ನಾನು ಒಂದೊಂದಕ್ಕೆ ಎರಡೆರಡು ಸಂಜೆ ಕೂತಿದ್ದೆ. ಸಣ್ಣತನ ಅನ್ನಿ ಬೇಕಾದರೆ.

ಈ ಸಲದವು ಹಳೇ ಲಗ್ನಪತ್ರಿಕೆಗಳಿಂದ ಕತ್ತರಿಸಿದ್ದು, 3 ಇಂಚು ಅಗಲ, 6 ಇಂಚು ಉದ್ದ. ಮೂಲೆಯ ಅರಿಶಿನ ಹಾಗೇ ಬಿಟ್ಟೆ. ಮೇಲೆ ತೆಳ್ಳಗೆ ಜೆಸ್ಸೊ, ಚಹಾದಲ್ಲಿ ಅದ್ದಿದ ಕ್ಯಾಲೆಂಡರ್ ಚೂರು, ಬೆಂಡೆಕಾಯಿ ಅಚ್ಚು, ಇಳಕಲ್ ಸೀರೆಯ ಒಂದು ತುಂಡು. ಕೊನೆಗೆ ಕಸೂತಿ, ಪುಟ್ಟದೊಂದು ತುಳಸಿಕಟ್ಟೆ. ಕಾಗದದ ಮೇಲೆ ಗವಂತಿ, ಅಂದರೆ ಕಸೂತಿಯ ಒಂದು ಹೊಲಿಗೆ, ಹಾಕುವುದು ಬಟ್ಟೆಯಷ್ಟು ಸಲೀಸಲ್ಲ. ಗ್ರಾಫ್ ಹಾಳೆ ಇಟ್ಟು ಮೊದಲು ಸೂಜಿಯಿಂದ ತೂತು ಮಾಡಿಕೊಳ್ಳಬೇಕು. ತೂತು ತೀರಾ ಹತ್ತಿರ ಆದರೆ ಅಂಚೆಚೀಟಿಯ ಹಾಗೆ ಸಾಲಾಗಿ ಹರಿದು ಬರುತ್ತದೆ. ಎರಡು ಹಾಗೇ ಹಾಳಾದವು.

ಅತ್ತಿ ಸೋಮೇಶ್ವರ ಗುಡಿಯಿಂದ ಬಂದರು. ಛತ್ರಿ ಮಡಚಿಟ್ಟು, ಕೈ ಒರೆಸಿಕೊಂಡು ಟ್ಯಾಗ್ ಎತ್ತಿಕೊಂಡರು. ಮುಂದೆ ನೋಡಲೇ ಇಲ್ಲ, ಸೀದಾ ಹಿಂದೆ ತಿರುಗಿಸಿದರು.

"ಗಂಟು ಹಾಕೀಯಲ್ಲ?"

"ಕಾಗದದಾಗ ದಾರ ನಿಲ್ಲಂಗಿಲ್ರಿ ಅತ್ತಿ."

"ಗವಂತಿಗೆ ಗಂಟು ಎಲ್ಲಿದವಾ? ಹೋಗುವಾಗ ಬಿಟ್ಟ ಜಾಗಾ ಬರುವಾಗ ತುಂಬಬೇಕು. ಮುಂದ ಹೆಂಗೋ ಹಿಂದೂ ಹಂಗ."

ಎಲ್ಲಿಗೆ ಹೋಗ್ತಾವ ಇವು, ಎಷ್ಟು ಕೊಡ್ತಾರ ಅಂದರು. ಮಾರೂದಿಲ್ರಿ, ಬರೇ ಅದಲು-ಬದಲು ಅಂದೆ. 1997ರಲ್ಲಿ ಜ್ಯೂರಿಕ್‌ನಲ್ಲಿ ಒಬ್ಬ ಕಲಾವಿದ ಇಸ್ಪೀಟ್ ಎಲೆಯಷ್ಟೇ ದೊಡ್ಡ ಚಿತ್ರದ ಕಾರ್ಡುಗಳನ್ನು ಹೀಗೆ ಬದಲಾಯಿಸಿಕೊಳ್ಳುವುದನ್ನು ಶುರು ಮಾಡಿದ, ಅಲ್ಲೂ ರೊಕ್ಕದ ಮಾತಿಲ್ಲ ಅಂತ ಹೇಳಿದೆ. ಮಾತಿನ ಭರದಲ್ಲಿ ಸ್ಟಿಕರ್ ಕಥೆಯೂ ಹೊರಗೆ ಬಂತು.

ಅತ್ತಿ ನಕ್ಕರು. "ಅದಕ್ಕ ಜ್ಯೂರಿಕ್ ಯಾಕ? ಉಡ್ಯಾಗ ಬಂದ ಖಣ ಎಲ್ಲಾರೂ ಹೊಲಿಸಿಕೋತಾರೇನು?"

ಅವರು ಲಗ್ನವಾಗಿ ಬಂದ ಹೊಸದರಲ್ಲಿ ಯಾರದೋ ಮನೆಯಲ್ಲಿ ಉಡಿ ತುಂಬುವಾಗ ಒಳ್ಳೇ ಗುಳೇದಗುಡ್ಡದ ಖಣ ಕೊಟ್ಟರಂತೆ. ಆ ಮನೆಯಿಂದ ತಿರುಗಿ ಬಂದದ್ದು ಒರಟು ಪಾಪ್ಲಿನ್ನು, ಕೊರಳಿಗೂ ಸಾಲದಷ್ಟು. ಸಿಟ್ಟಿಗೆ ಅದರ ಅಂಚಿಗೆ ಕೆಂಪು ದಾರದ ಸಣ್ಣ ಗಂಟು ಹಾಕಿ ಮಾಳಮಡ್ಡಿಯ ಒಬ್ಬರಿಗೆ ದಾಟಿಸಿದರು. ಎಲ್ಲೆಲ್ಲಿ ತಿರುಗಾಡುತ್ತದೆ ನೋಡೋಣ ಅಂತ. ಮೂರನೇ ಶ್ರಾವಣಕ್ಕೆ ಅದೇ ಪಾಪ್ಲಿನ್ ಇವರದೇ ಉಡಿಗೆ ಬಂದು ಬಿತ್ತು.

"ಗಂಟು ಇತ್ತೇನ್ರಿ?"

"ಇತ್ತು. ಬಾಜೂಕ ಇನ್ನೊಂದೂ ಇತ್ತು. ಹಸರು ದಾರದ್ದು."

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯ್ತು. ಆಮೇಲೆ ನಗು ತಡೆಯಲಾಗಲಿಲ್ಲ. ಯಾರ್ರಿ ಆಕಿ ಅಂದರೆ, "ಯಾರಿಗ್ಗೊತ್ತು. ಯಾರರ ಹಸರು ಸೀರಿ ಉಟ್ಟು ಬಂದ್ರ ಈಕೀನ ಇರಬೇಕು ಅನಸ್ತಿತ್ತು," ಅಂದು ದೀಪ ಹಚ್ಚಲು ಒಳಗೆ ಹೋದರು. ಆ ಖಣ ಏನು ಮಾಡಿದರು ಅಂತ ಕೇಳುವುದೇ ಮರೆತೆ.

ಆರನೆಯ ಟ್ಯಾಗಿನ ಹಿಂದೆ ಮೂರು ಗಂಟು ಇದ್ದವು. ಸೂಜಿಯ ತುದಿಯಿಂದ ಎರಡು ಬಿಚ್ಚಿ, ದಾರವನ್ನು ಹೊಲಿಗೆಯ ಅಡಿಗೇ ಸಿಕ್ಕಿಸಿದೆ. ನಿಂತಿತು, ಆಶ್ಚರ್ಯ. ಮೂರನೆಯದು ಕೆಂಪು ದಾರದ್ದು. ಅದೊಂದನ್ನು ಹಾಗೇ ಬಿಟ್ಟರೆ, ಹೋದ ಸಲ ಸ್ಟಿಕರ್ ಹಚ್ಚಿ ಕಳಿಸಿದಾಕೆಗೇ ಇದು ಹೋಗಿ

ಅತ್ತಿ ಕೂಗುತ್ತಿದ್ದಾರೆ. ಇಡ್ಲಿಗೆ ಅಕ್ಕಿ ನೆನೆಹಾಕಬೇಕಂತೆ, ಡಬ್ಬಿ ಬೇಕಂತೆ.